ಅಳಿಸಲು ಬಿಡದ ಅಕ್ಕೋರು

ಅಕ್ಕೋರ ಎಡ ಹುಬ್ಬು ಪೂರ್ತಿ ಬೆಳ್ಳಗಿತ್ತು, ಬಲ ಹುಬ್ಬು ಕಪ್ಪು. ಒಂದನೇ ಕ್ಲಾಸಿಗೆ ಸೇರಿದ ಹೊಸತರಲ್ಲಿ ನಾವು ಅದನ್ನು ಸೀಮೆಸುಣ್ಣದ ಹುಡಿ ಎಂದೇ ನಂಬಿದ್ದೆವು. ಮುಂದಿನ ಸಾಲಿನ ಒಬ್ಬಳು ಧೈರ್ಯ ಮಾಡಿ, "ಅಕ್ಕೋರೇ, ಹುಬ್ಬು ಒರೆಸ್ಕಣಿ" ಎಂದಳು. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಸೆರಗಿನಿಂದ ಗಟ್ಟಿಯಾಗಿ ಒರೆಸಿಕೊಂಡು, "ಹೋತನೆ?" ಎಂದು ಕೇಳಿದರು. ಹೋಗಲಿಲ್ಲ ಎಂದು ಇಡೀ ಕ್ಲಾಸು ಕೂಗಿತು. "ಹಂಗಾರೆ ಇರ್ಲಿ ಬಿಡು" ಎಂದು ಮಗ್ಗಿ ಶುರು ಮಾಡಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೂ ಆ ಮಾತು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ಅವರೊಬ್ಬರೇ.

ಹೊನ್ನಾವರದಿಂದ ಬಸ್ಸಿನಲ್ಲಿ ನಮ್ಮೂರು ಕರ್ಕಿಗೆ ಬಂದು ಕಲಿಸುತ್ತಿದ್ದರು. ಅವರ ಬೋರ್ಡಿನ ಮೂಲೆಯಲ್ಲೊಂದು ಚೌಕ ಇರುತ್ತಿತ್ತು. ಆ ದಿನ ಯಾರ ಲೆಕ್ಕ ತಪ್ಪಿತೋ ಅದು ಆ ಚೌಕದಲ್ಲಿ ಸಂಜೆಯವರೆಗೂ ಇರಬೇಕು. ತಪ್ಪಿದವರೇ ಎದ್ದು ನಿಂತು, ಎಲ್ಲಿ ಎಡವಿದೆವು ಎಂದು ಉಳಿದವರಿಗೆ ತೋರಿಸಬೇಕು. ನಗಲು ಯಾರಿಗೂ ಬಿಡುತ್ತಿರಲಿಲ್ಲ. ಒರೆಸಲು ಕೈ ಎತ್ತಿದರೆ ಮಾತ್ರ, "ಅಳಿಸ್ಬೇಡ! ಮೊದ್ಲು ನೋಡು" ಎಂದು ಗುಡುಗುತ್ತಿದ್ದರು. ಚೌಕ ಖಾಲಿ ಉಳಿದ ದಿನ ಅವರಿಗೆ ಸಮಾಧಾನವೇ ಇಲ್ಲ. "ಇವತ್ತು ಯಾರೂ ಎಂತದೂ ಕಲೀಲಿಲ್ಲ" ಎಂದು ಗೊಣಗುತ್ತ ಬಸ್ ಸ್ಟಾಪಿಗೆ ನಡೆಯುತ್ತಿದ್ದರು.

ಮುಂದೆ ನಾನು ಬಿಎಸ್ಸಿ ಸೇರಿದೆ. ಮೊದಲ ವರ್ಷ ಒಳ್ಳೆಯ ಅಂಕ ಬಂತು, ಎರಡನೇ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದೆ. ಬಾಯಿಪಾಠದ ಬಂಡಿ ಅಲ್ಲಿಯವರೆಗೆ ಓಡಿದ್ದೇ ಹೆಚ್ಚು. ಅಷ್ಟರಲ್ಲಿ ನಿವೃತ್ತರಾಗಿ ಹೊನ್ನಾವರದಲ್ಲಿ ಮಗ-ಸೊಸೆಯ ಜೊತೆಗಿದ್ದ ಅಕ್ಕೋರ ಮನೆಗೆ, ಅಮ್ಮ ಕೊಟ್ಟ ಬಸಳೆ ಕಟ್ಟು ಹಿಡಿದು ಹೋದೆ. ಅವರು ನನ್ನ ಪುಸ್ತಕವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಇದೆಂತದೇ, ಎರೆಹುಳ ಬಿಟ್ಟಂಗೆ ಇತ್ತು! ನಂಗೆ ಇದೊಂದೂ ಗೊತ್ತಿಲ್ಲ. ನೀನೇ ನಂಗೆ ಕಲ್ಸು."

ತಮಾಷೆಯೆಂದುಕೊಂಡೆ. ಅವರು ಕನ್ನಡಕ ಏರಿಸಿ ಎದುರು ಕೂತೇಬಿಟ್ಟರು. ಆಮೇಲೆ ಪ್ರತಿ ಭಾನುವಾರ ಅದೇ ಕೆಲಸ. ಪ್ರತಿ ಸಾಲಿಗೂ "ಇದು ಎಂತಕ್ಕೆ ಹಿಂಗೆ?" ಎಂದು ತಡೆಯುತ್ತಿದ್ದರು. ಎಲ್ಲಿ ನನಗೆ ಉತ್ತರ ಹೊಳೆಯುತ್ತಿರಲಿಲ್ಲವೋ ಅಲ್ಲೇ ನನ್ನ ತಪ್ಪು ಅಡಗಿರುತ್ತಿತ್ತು. ಆ ವಿಷಯ ಪಾಸಾಯಿತು, ಕೊನೆಯ ವರ್ಷ ಫಸ್ಟ್ ಕ್ಲಾಸೂ ಬಂತು. ಅದಕ್ಕಿಂತ ಹೆಚ್ಚಾಗಿ, ಅರ್ಥವಾದಾಗ ಅವರ ಮುಖ ಅರಳುವುದನ್ನು ನೋಡಿ ನೋಡಿ ನನಗೆ ಕಲಿಸುವುದರ ರುಚಿ ಹತ್ತಿತು. ಬಿ.ಎಡ್. ಮಾಡಲೇಬೇಕೆಂದು ಹಟ ಹಿಡಿದೆ.

ಆದರೆ ಒಟ್ಟು ಅಂಕ ನೋಡುವವರಿಗೆ ಈ ಕತೆಯೆಲ್ಲ ಎಲ್ಲಿ ಗೊತ್ತು? ಸರ್ಕಾರಿ ಸೀಟಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಉಳಿದದ್ದು ಕುಮಟಾದ ಒಂದು ಖಾಸಗಿ ಕಾಲೇಜು. ಅಲ್ಲಿ ಸಂದರ್ಶನವಿತ್ತು. ಅದೂ ತಪ್ಪಿದರೆ ಚಿಕ್ಕಪ್ಪನ ಮೊಬೈಲ್ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ಆ ಚಿಕ್ಕಪ್ಪನೇ, ಫೇಲಾದ ವರ್ಷ ಕಾಮಾಲೆ ಆಗಿತ್ತೆಂದು ಹೇಳು ಅಂತ ಉಪಾಯ ಹೇಳಿಕೊಟ್ಟ. ಅಕ್ಕೋರಿಗೆ ತಿಳಿಸಿದೆ.

"ಕಾಮಾಲೆ ಅಂದ್ರೆ ಅವ್ರು ನಿನ್ನ ಕಣ್ಣು ನೋಡ್ತ್ರು, ಅಷ್ಟೇಯ. ಎಲ್ಲಿ ತಪ್ಪಿದ್ದು ಅಂತ ನಿಂಗೆ ಗೊತ್ತಿತ್ತಲ, ಅದ್ನೇ ತೋರ್ಸು."

ಸಂದರ್ಶನದಲ್ಲಿ ಪ್ರಿನ್ಸಿಪಾಲರು ನೇರ ಅಲ್ಲಿಗೇ ಬಂದರು. "ಗಣಿತದಲ್ಲೇ ಫೇಲಾದವರು ಗಣಿತ ಹೇಗೆ ಕಲಿಸ್ತೀರಿ?" ಸೀಮೆಸುಣ್ಣ ಕೇಳಿ ಪಡೆದು, ಪರೀಕ್ಷೆಯಲ್ಲಿ ಕೆಡಿಸಿದ್ದ ಲೆಕ್ಕವನ್ನು ಅದೇ ತಪ್ಪಿನ ಸಮೇತ ಬೋರ್ಡಿನ ಮೇಲೆ ಬರೆದೆ. ಎಲ್ಲಿ ಎಡವಿದೆ, ಯಾಕೆ ಎಡವಿದೆ, ಮಕ್ಕಳೂ ಅಲ್ಲೇ ಯಾಕೆ ಎಡವುತ್ತಾರೆ ಎಂದು ಹೇಳುತ್ತ ಹೋದೆ. ಪ್ರಿನ್ಸಿಪಾಲರು ಕುರ್ಚಿ ಮುಂದೆಳೆದುಕೊಂಡು ಮತ್ತೂ ಪ್ರಶ್ನೆ ಕೇಳಿದರು. ಕೊನೆಗೆ "ಆತು, ಹೋಗ್ಬನ್ನಿ" ಎಂದರು. ಹಳೆಯ ಚಾಳಿ ನೋಡಿ, ಆ ತಪ್ಪು ಲೆಕ್ಕವನ್ನು ಒರೆಸದೇ ಬಂದಿದ್ದೆ. ನನ್ನ ನಂತರ ಹೋದವರ ಪಾಡು ಏನಾಯಿತೋ!

ಸೀಟು ಸಿಕ್ಕಿತು. ಇದನ್ನೆಲ್ಲ ಕೇಳಿ ಅಕ್ಕೋರು ಕೆಮ್ಮು ಬರುವಷ್ಟು ನಕ್ಕರು. ಸೊಸೆ ನೀರು ತಂದುಕೊಡಬೇಕಾಯಿತು.

ಬಿ.ಎಡ್. ಕೊನೆಯಲ್ಲಿ ಪರೀಕ್ಷಕರೆದುರು ಪಾಠ ಮಾಡಿ ತೋರಿಸಬೇಕು. ನನಗೆ ಭಟ್ಕಳದ ಒಂದು ಹೈಸ್ಕೂಲು ಬಂತು. ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು ಆಡುವ ಮಕ್ಕಳು. ಒಬ್ಬೊಬ್ಬರೂ ಎದ್ದು ಬಂದು ತಮ್ಮ ತಪ್ಪು ತಾವೇ ಹುಡುಕಿದರು. ಪರೀಕ್ಷಕರು ತಲೆದೂಗಿದರು. ಖುಷಿಯಲ್ಲಿ ಹೊರಗೆ ಬಂದು ಅಕ್ಕೋರಿಗೆ ಫೋನ್ ಮಾಡಿದೆ. ಸೊಸೆ ಎತ್ತಿದರು.

"ಅತ್ತೆ ಬೆಳಿಗ್ಗೆ ಹೋದ್ರು ಮಾರಾಯ್ತಿ. ಆಸ್ಪತ್ರೆಗೆ ಸೇರ್ಸಿ ವಾರ ಆಗಿತ್ತು. ನಿಂಗೆ ಹೇಳ್ತೆ ಅಂದ್ರೆ ಬಿಡ್ಲಿಲ್ಲ. ಪಾಠ ಮುಗಿಯೂವರಿಗೆ ಆ ಕೂಸಿಗೆ ಹೇಳ್ಬೇಡಿ ಅಂದ್ರು."

ಬಸ್ಸು ಶರಾವತಿ ಸೇತುವೆ ದಾಟಿ ಹೊನ್ನಾವರ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಂಗಳ ತೊಳೆಯುತ್ತಿದ್ದರು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಒಂದು ಪಾಠ ಹೋದರೆ ಹೋಗುತ್ತಿತ್ತು, ಮುಂದಿನ ವರ್ಷ ಮಾಡುತ್ತಿದ್ದೆ. ಫೇಲಾಗಿ ಮೇಲೆದ್ದು ನನಗೇನು ಗೊತ್ತಿಲ್ಲವೇ? ಅದು ಅವರಿಗೂ ಗೊತ್ತಿತ್ತಲ್ಲ.

ಆ ಪಾಠಕ್ಕೆ ಕಾಲೇಜಿನಲ್ಲೇ ಹೆಚ್ಚು ಅಂಕ ನನಗೆ ಬಂತು. ಕೆಲಸಕ್ಕೆಂದು ಹೋದಲ್ಲೆಲ್ಲ ಎರಡನೇ ವರ್ಷದ ಡುಮ್ಕಿಯನ್ನು ಸಂಕೋಚವಿಲ್ಲದೆ ಬೆರಳಿಟ್ಟು ತೋರಿಸುತ್ತೇನೆ. ನನ್ನಿಂದ ನೋಡಲಾಗದ ಅಂಕವೆಂದರೆ ಭಟ್ಕಳದ ಆ ಪಾಠದ್ದೊಂದೇ.