ಭಾವನ ಕರೆಂಟು ಗಿಟಾರು

ಪಾಂಡವಪುರದಲ್ಲಿ ಕೂತು ಗಿಟಾರು ಮಾಡುವವನನ್ನು ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಇದರಲ್ಲಿ ಹೊಟ್ಟೆ ತುಂಬುತ್ತದಾ ಅನ್ನುವುದು ಒಂದು, ಮಂಚ ಮಾಡಿಕೊಡ್ತೀರಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮಂಚ ಮಾಡಿಕೊಡುತ್ತೇನೆ.

ನಾನು ಮಾಡುವುದು ಮರದ ಗಿಟಾರು. ತಂತಿ ಮೀಟಿದರೆ ಹೊಟ್ಟೆಯೊಳಗಿನ ಗಾಳಿಯೇ ದನಿ ಕೊಡುವಂಥದ್ದು. ಕರೆಂಟಿನದ್ದನ್ನು ಗಿಟಾರು ಎಂದು ಯಾವತ್ತೂ ಒಪ್ಪಿದವನಲ್ಲ. ಗಟ್ಟಿ ಹಲಗೆಗೆ ತಂತಿ ಕಟ್ಟಿ ಪ್ಲಗ್ ಚುಚ್ಚಿದರೆ ಇಸ್ತ್ರಿಪೆಟ್ಟಿಗೆಗೂ ಅದಕ್ಕೂ ಏನು ವ್ಯತ್ಯಾಸ? ಹೀಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನನ್ನ ಮುಂದೆ ಒಂದು ದಿನ ನಮ್ಮ ಭಾವ ಬಂದು ಮೊಬೈಲು ಹಿಡಿದರು. ಅದರಲ್ಲಿ ಹಳೇ ಕಾಲದ ಕರೆಂಟು ಗಿಟಾರಿನ ಫೋಟೊ ಇತ್ತು. ತಿಳಿ ಹಸಿರು ಬಣ್ಣ, ಎರಡು ಗುಂಡಿ. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಯಾವುದೋ ಮದುವೆಯಲ್ಲಿ ಇಂಥದ್ದನ್ನು ನೋಡಿ ಊಟ ಬಿಟ್ಟು ನಿಂತಿದ್ದರಂತೆ.

“ಇಂಥದ್ದೊಂದು ಮಾಡ್ಕೊಡು ಕಣ್ಲಾ,” ಎಂದರು.

ಭಾವ ಎಂದರೆ ನಮ್ಮಕ್ಕನ ಗಂಡ. ಹೊಣಕೆರೆ ಹತ್ತಿರದ ಹಳ್ಳಿಯಲ್ಲಿ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಲ್ಲಿ ಗಿಟಾರು ಬಾರಿಸುತ್ತಿದ್ದರು. ನಾನು ಮಾಡಿದ ಮೊಟ್ಟಮೊದಲ ಗಿಟಾರನ್ನು, ಅದರ ಕತ್ತು ಸೊಟ್ಟಗಿದ್ದರೂ, ಇಪ್ಪತ್ತು ವರ್ಷ ನುಡಿಸಿದ್ದು ಅವರೇ. ಅಂಥವರು ಬಂದು ನನ್ನ ಹತ್ತಿರ ಹಲಗೆ ಕೇಳಿದರು. ಮೈ ಉರಿದುಹೋಯಿತು.

“ಯಾಕ್ ಬಾವ, ನಮ್ ಗಿಟಾರಿಗೇನ್ ಬಂದದೆ?”

“ಏನೂ ಬಂದಿಲ್ಲ ಕಣ್ಲಾ. ಕಾಲ ಬದ್ಲಾಗದೆ, ಈಗೆಲ್ಲ ಒಸಿ ಜೋರಾಗ್ ಕೇಳ್ಬೇಕು.”

ಅವರು ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ಜಗಳ ತೆಗೆದೆ. ನನ್ನ ಕೂಗಾಟ ಮುಗಿದ ಮೇಲೆ ಅವಳು ಹೇಳಿದಳು:

“ಅವ್ರ್ ಕಿವಿ ಓಯ್ತಾ ಅದೆ ಕಣಪ್ಪ. ನಿನ್ ಗಿಟಾರು ಅವ್ರ್ಗೆ ಕೇಳ್ತಾನೇ ಇಲ್ಲ. ಪೂರ್ತಿ ಓಗೋಕ್ ಮುಂಚೆ ಇದ್ನಾದ್ರೂ ಒಂದ್ಸಲ ಕೇಳ್ಬೇಕು ಅಂತ ಆಸೆ. ನಂಗ್ ಗೊತ್ತು ಅನ್ನೋದು ಅವ್ರ್ಗೆ ಗೊತ್ತಿಲ್ಲ. ನೀನೂ ಬಾಯ್ ಬುಡ್ಬ್ಯಾಡ.”

ನಮ್ಮ ಕಡೆ ಭಾವನ ಮುಖಕ್ಕೆ ನಿಮಗೆ ಇಂಥ ಊನ ಇದೆ ಎಂದು ಹೇಳುವ ಪದ್ಧತಿ ಇಲ್ಲ. ಅಕ್ಕನ ಮನೆಯಲ್ಲಿ ಒಂದು ವರ್ಷದಿಂದ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಯಾಕೆಂದು ಕೇಳಿದರೆ ಕೊಟ್ಟಿಗೆ ಗದ್ದಲ ಎನ್ನುತ್ತಿದ್ದರು. ಕೊಟ್ಟಿಗೆಯಲ್ಲಿ ಇದ್ದದ್ದು ಮೂರು ಹಸು.

ಹಲಸಿನ ಹಲಗೆ ತಂದೆ. ಕರೆಂಟು ಗಿಟಾರಿನ ಮೈ ಗಟ್ಟಿಯಾಗಿರಬೇಕು, ಟೊಳ್ಳಿದ್ದರೆ ಸ್ಪೀಕರಿನ ಮುಂದೆ ಅರಚುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮಾತು ಕೇಳಲಿಲ್ಲ. ಬೆರಳಲ್ಲಿ ತಟ್ಟಿದರೆ ಹಲಗೆ ಸತ್ತ ಹಾಗಿತ್ತು. ಒಂಚೂರು ಕೆತ್ತಿದೆ, ತಟ್ಟಿದೆ, ಇನ್ನೊಂಚೂರು ಕೆತ್ತಿದೆ. ಅದು ದನಿ ಕೊಡುವ ಹೊತ್ತಿಗೆ ಒಳಗೆ ಸೇರು ಅಕ್ಕಿ ಹಿಡಿಯುವಷ್ಟು ಜಾಗವಾಗಿತ್ತು. ಮೇಲೊಂದು ತೆಳು ಹಲಗೆ ಅಂಟಿಸಿ ಯಾರಿಗೂ ಹೇಳದೆ ಸುಮ್ಮನಾದೆ.

ಬಣ್ಣಕ್ಕೆ ಕೆ.ಆರ್. ಪೇಟೆಯ ಸ್ಕೂಟರು ಪೇಂಟರ್ ಹತ್ತಿರ ಒಯ್ದೆ. ಹಳೇ ಸ್ಕೂಟರಿನ ಆ ಹಸಿರು ಅವರ ಬಳಿ ಮಾತ್ರ ಇತ್ತು. ಅವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಇದ್ಯಾವ್ ಗಾಡಿದು ಸಾ?” ಎಂದರು. ಹಳೇ ಮಾಡೆಲ್ಲು ಎಂದೆ. ಎರಡು ಕೋಟು ಹೊಡೆದುಕೊಟ್ಟರು.

ಭಾನುವಾರ ಬೆಳಿಗ್ಗೆ ಗಿಟಾರು, ಸ್ಪೀಕರು ಎರಡನ್ನೂ ಅಕ್ಕನ ಮನೆ ಜಗಲಿಯಲ್ಲಿ ಇಳಿಸಿದೆ. ಭಾವ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಕಾಯುತ್ತಿದ್ದರು. ಅಕ್ಕ ಗಿಟಾರಿಗೆ ಕುಂಕುಮ ಇಟ್ಟಳು. ಪ್ಲಗ್ ಹಾಕಿದೆ. ಭಾವ ಮೀಟಿದ್ದೇ ತಡ, ಅದು ಕುಯ್ಯೋ ಎಂದು ಬಾಯಿ ಬಿಟ್ಟಿತು. ಕಿವಿಗೆ ದಬ್ಬಳ ಹಾಕಿದ ಹಾಗಾಯಿತು. ಮೂರು ಹಸುವೂ ಎದ್ದು ನಿಂತವು. ಅಕ್ಕ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಎದುರುಮನೆಯವರು ಏನಾಯಿತೋ ಎಂದು ಓಡಿ ಬಂದರು. ಭಾವ ಮಾತ್ರ ಬಾರಿಸುತ್ತಲೇ ಇದ್ದರು.

“ಎಂಗದೆ?” ಎಂದರು ನಗುತ್ತಾ.

ಹೋಗಿ ವೈರು ಕಿತ್ತೆ. ಅರಚಾಟ ನಿಂತಿತು. ಭಾವನ ಕೈ ನಿಲ್ಲಲಿಲ್ಲ. ಅಯ್ಯೋ ದೇವರೇ ಅನ್ನಿಸಿತು. ಅವರು ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದನ್ನು ನನ್ನ ಹಾಳು ಕೈ ಬೀದಿಯವರ ಮುಂದೆ ಎಳೆದು ಹಾಕಿತ್ತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು, ಅಳುವೂ ಬಂತು.

ಸ್ವಲ್ಪ ಹೊತ್ತಿಗೆ ಭಾವ ನನ್ನ ಕೈಯಲ್ಲಿದ್ದ ವೈರು ನೋಡಿದರು. ಬಾರಿಸುವುದನ್ನು ನಿಲ್ಲಿಸಿದರು. ಎದುರುಮನೆಯವರು ತಮಗೇನೋ ಕೆಲಸವಿದೆ ಎಂದುಕೊಂಡು ಹೊರಟುಹೋದರು. ಭಾವ ಗಿಟಾರನ್ನು ಮೇಲಕ್ಕೆತ್ತಿ, ಅದರ ಹೆಗಲಿಗೆ ಗದ್ದ ಒತ್ತಿ, ಒಂದು ತಂತಿ ಮೀಟಿದರು. ಇನ್ನೊಂದು ಮೀಟಿದರು.

“ಒಳ್ಗೆ ಟೊಳ್ ಮಾಡಿದ್ದೀಯ ಕಣ್ಲಾ, ಕಳ್ ನನ್ಮಗ್ನೆ. ದವಡೇಲಿ ಕೇಳ್ತಾ ಅದೆ.”

ಹಾಗೆಯೇ ಗದ್ದ ಊರಿಕೊಂಡು ಒಂದು ಹಾಡು ಪೂರ್ತಿ ಬಾರಿಸಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಗುಟ್ಟು ಹೇಳುವವರಂತೆ ಬಾಯಿಗೆ ಕೈ ಅಡ್ಡ ಹಿಡಿದು, ಊರ ಕೊನೆಯ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದರು:

“ನಂಗೆ ಕಿವಿ ಕೇಳಕ್ಕಿಲ್ಲ ಕಣ್ಲಾ. ನಿಮ್ಮಕ್ಕಂಗೆ ಯೋಳ್ಬ್ಯಾಡ, ಅತ್ಕೊಂಡ್ ಕೂತ್ಕತಾಳೆ.”

ಅಕ್ಕ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೂಂ ಅನ್ನು ಎಂದು ನನಗೆ ಸನ್ನೆ ಮಾಡಿದಳು.

“ಯೋಳಕ್ಕಿಲ್ಲ ಬುಡಿ ಬಾವ,” ಎಂದು ಕಿರುಚಿದೆ.