ಸವೆದದ್ದು ಒಂದೇ ಗೇರು

ಮೂರು ಸಾವಿರದ ನೂರು ರೂಪಾಯಿ. ಆರು ಗೇರಿನ ಸೈಕಲ್ಲಿಗೆ ಅಂಗಡಿಯವನು ಹೇಳಿದ್ದು ನಾಲ್ಕು ಸಾವಿರ. ನಾನು ಎರಡು ಸಲ ಮೆಟ್ಟಿಲಿಳಿದೆ, ಎರಡು ಸಲವೂ ಅವನೇ ಕರೆದ. ಕೊನೆಗೆ ಬೀಗ, ಸ್ಟ್ಯಾಂಡು, ಗಾಳಿ ಪಂಪು ಎಲ್ಲ ಸೇರಿಸಿ ಆ ಬೆಲೆಗೆ ಮನೆಗೆ ತಂದೆ. ಕೊಂಡದ್ದಕ್ಕೆ ಕಾರಣ ಸಕ್ಕರೆ ಕಾಯಿಲೆ. ನಲವತ್ತಾರನೇ ವಯಸ್ಸಿಗೆ ಅದು ಹಿಡಿದಿತ್ತು. ಮೈ ದಂಡಿಸದಿದ್ದರೆ ಮಾತ್ರೆ ಏರುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದು ಎರಡು ಸಾವಿರದ ಇಸವಿ ಆಗತಾನೇ ದಾಟಿದ ಕಾಲದ ಮಾತು. ಆಗ ಚೆನ್ನೈಯಲ್ಲಿ ದೊಡ್ಡವರು ಗೇರ್ ಸೈಕಲ್ ತುಳಿದರೆ ಜನ ತಿರುಗಿ ನೋಡುತ್ತಿದ್ದರು.

ಪೆರಂಬೂರಿನ ನಮ್ಮ ಬೀದಿಯ ಆಸುಪಾಸಿನಲ್ಲಿ ಏಳೆಂಟು ಕನ್ನಡದ ಮನೆಗಳಿದ್ದವು. ರೈಲ್ವೆಯವರು, ಬ್ಯಾಂಕಿನವರು, ವಿಮೆಯವರು. ಅವರಲ್ಲಿ ಐವರು ಭಾನುವಾರ ಬೆಳಿಗ್ಗೆ ಅಂಬತ್ತೂರು ಹಾದು ಪೋರೂರು ಕೆರೆಯವರೆಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ನಾನು ಆರನೆಯವನಾಗಿ ಸೇರಿಕೊಂಡೆ. ಗುಂಪಿಗೆ ಹಿರಿಯರು ರೈಲ್ವೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮೈಸೂರು ಕಡೆಯವರು, ಮಾತು ಕಡಿಮೆ. ಗುಂಪಿನಲ್ಲಿದ್ದ ಕಟ್ಟಳೆ ಒಂದೇ: ಕೆರೆಯ ಪಕ್ಕದ ಕಾಫಿ ಅಂಗಡಿಗೆ ಕೊನೆಯಲ್ಲಿ ಬಂದವರು ಎಲ್ಲರಿಗೂ ಕಾಫಿ ಕೊಡಿಸಬೇಕು.

ನನ್ನ ಲೆಕ್ಕಾಚಾರ ಹೀಗಿತ್ತು. ಹಿಂದಿನ ಚಕ್ರದ ಆರು ಗೇರುಗಳಲ್ಲಿ ಅತಿ ಚಿಕ್ಕದಕ್ಕೆ ಚೈನು ಹಾಕಿದರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ಲು ಎಲ್ಲಕ್ಕಿಂತ ದೂರ ಹೋಗುತ್ತದೆ. ಕಡಿಮೆ ತುಳಿತ, ಹೆಚ್ಚು ದಾರಿ; ಇದು ಲಾಭವಲ್ಲದೆ ಇನ್ನೇನು? ತುಳಿಯುವುದು ಕಷ್ಟ, ನಿಜ. ಕಷ್ಟಪಟ್ಟರೆ ತಾನೇ ಸಕ್ಕರೆ ಇಳಿಯುವುದು ಎಂದುಕೊಂಡು ಆ ಒಂದೇ ಗೇರಿಗೆ ಅಂಟಿಕೊಂಡೆ. ಮೊದಲ ಮೂರು ತಿಂಗಳು ಒಂದು ದಿನವೂ ಕೊನೆಯವನಾಗಲಿಲ್ಲ. ಸಕ್ಕರೆಯೂ ಇಳಿಯಿತು.

ನಾಲ್ಕನೇ ತಿಂಗಳು ಬಲಮಂಡಿ ಹಿಡಿದುಕೊಂಡಿತು. ಚಿಪ್ಪಿನ ಹಿಂದೆ ಯಾರೋ ಮೊಳೆ ಇಟ್ಟು ಒತ್ತಿದ ಹಾಗೆ ನೋವು. ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಆಮೇಲೆ ಎಡದ್ದೂ ಶುರು. ಈಗ ಪ್ರತಿ ವಾರ ಕೊನೆಗೆ ಬರುವವನು ನಾನೇ. ನಾನು ಸೈಕಲ್ಲಿನಿಂದ ಕಾಲು ಎತ್ತಿ ಇಳಿಯುವ ಮೊದಲೇ ಬ್ಯಾಂಕಿನವರು ಒಳಗಿನಿಂದ "ಆರು ಸ್ಟ್ರಾಂಗು!" ಎಂದು ಕೂಗುತ್ತಿದ್ದರು. ಕಾಫಿಯ ಜೊತೆಗೆ ಒಬ್ಬೊಬ್ಬರಿಂದ ಒಂದೊಂದು ಮದ್ದು. ಒಬ್ಬರು ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ಎಂದರು, ಇನ್ನೊಬ್ಬರು ಮೆಂತ್ಯ ನೆನೆಸಿ ತಿನ್ನಿ ಎಂದರು, ವಿಮೆಯವರು ತಮ್ಮ ಮಾವನ ಮಂಡಿಪಟ್ಟಿಯನ್ನೇ ತಂದುಕೊಟ್ಟರು. ಎಲ್ಲವನ್ನೂ ಮಾಡಿದೆ. ನೋವು ಜಗ್ಗಲಿಲ್ಲ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, "ಸವೆತ ಈಗಷ್ಟೇ ಶುರು. ಸೈಕಲ್ ಬಿಟ್ಟುಬಿಡಿ" ಎಂದು ಒಂದೇ ಉಸಿರಿಗೆ ಮುಗಿಸಿದರು. ಒಬ್ಬ ಡಾಕ್ಟರು ತುಳಿ ಎನ್ನುತ್ತಾರೆ, ಇನ್ನೊಬ್ಬರು ಬಿಡು ಎನ್ನುತ್ತಾರೆ. ಹೇಗೆ ತುಳಿಯುತ್ತೀರಿ ಎಂದು ಇಬ್ಬರಲ್ಲಿ ಒಬ್ಬರಾದರೂ ಕೇಳಬೇಡವೇ?

ಮನೆಯಾಕೆ ಕೇಳಿದಳು, ಆದರೆ ಬೇರೆಯದನ್ನು. "ಯಾರಿಗ್ರೀ ಈ ಹಟ? ಎದುರುಮನೆಯವರು ತಂಗಿ ಮಗನಿಗೆ ಸೈಕಲ್ ಬೇಕು ಅಂತಿದಾರೆ. ಭಾನುವಾರ ಸಾಯಂಕಾಲ ಬಂದು ನೋಡ್ಲಿ ಅಂತ ಹೇಳ್ಬಿಟ್ಟಿದೀನಿ." ಮಗಳು ಪುಸ್ತಕದಿಂದ ತಲೆ ಎತ್ತದೆ, "ಕುಡುತ್ತುಡುಂಗಪ್ಪಾ," ಎಂದಳು. ಕೊಟ್ಟುಬಿಡಿ ಎಂದು ತಮಿಳಿನಲ್ಲಿ ತೀರ್ಪು. ಸೈಕಲ್ಲು ಹೋದರೆ ಸಕ್ಕರೆ ಮತ್ತೆ ಏರುತ್ತದೆ, ಮಾತ್ರೆಯೂ ಏರುತ್ತದೆ ಎಂಬುದು ನನ್ನೊಬ್ಬನಿಗೇ ಭಯ. ಆದರೂ ಒಪ್ಪಿಕೊಂಡೆ. ಆ ಭಾನುವಾರದ್ದು ಕಡೆಯ ಸವಾರಿ ಎಂದುಕೊಂಡೇ ಹೊರಟೆ.

ಅಂಬತ್ತೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಏರು. ಅಲ್ಲಿ ಎದ್ದು ನಿಂತು ತುಳಿಯುತ್ತಿದ್ದೆ. ಚೈನು ಟಕ್ ಎಂದು ಜಾರಿತು, ಪೆಡಲ್ ಪೊಳ್ಳಾಗಿ ತಿರುಗಿತು, ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದೆ. ಚೈನು ತುಂಡಾಗಿ ರಸ್ತೆಗೆ ಬಿತ್ತು.

ಐವರೂ ನಿಂತರು. ತಳ್ಳಿಕೊಂಡು ಹೋದರೆ, ಕಾರ್ಖಾನೆ ಕೆಲಸಗಾರರ ಸೈಕಲ್ಲುಗಳನ್ನು ರಿಪೇರಿ ಮಾಡುವ ಒಂದು ತಗಡಿನ ಅಂಗಡಿ ತೆರೆದಿತ್ತು. ಕೆಲಸಕ್ಕೆ ಕೂತಿದ್ದವಳು ಐವತ್ತರ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದು, ಬೆರಳೆಲ್ಲ ಗ್ರೀಸು. ಚೈನಿನ ಹರಿದ ಕೊಂಡಿ ತೆಗೆದು ಜೋಡಿಸುವ ಮೊದಲು, ಸೀಮೆಎಣ್ಣೆ ಬಟ್ಟೆಯಿಂದ ಹಿಂದಿನ ಗೇರುಗಳನ್ನು ಒರೆಸಿದಳು. ಒರೆಸಿದವಳು ನಕ್ಕಳು.

"ಸಾರ್, ಇಂಗ ಪಾರುಂಗ. ಅಂಜು ಪುದುಸು. ಇದು ಮಟ್ಟುಂ ಪಾಟಿ ಪಲ್ಲು."

ಇಲ್ಲಿ ನೋಡಿ, ಐದು ಹೊಸವು, ಇದೊಂದು ಮಾತ್ರ ಅಜ್ಜಿಯ ಹಲ್ಲು. ಬಗ್ಗಿ ನೋಡಿದೆ. ಐದು ಗೇರುಗಳ ಹಲ್ಲು ಅಂಗಡಿಯಿಂದ ತಂದ ದಿನದಂತೆಯೇ ಇದ್ದವು. ಚಿಕ್ಕದರ ಹಲ್ಲುಗಳು ಮಾತ್ರ ಸವೆದು, ಚೂಪಾಗಿ, ಒಂದು ಕಡೆಗೆ ವಾಲಿದ್ದವು. ಆಕೆ ನನ್ನ ಮಂಡಿಪಟ್ಟಿ ನೋಡಿ, ಮತ್ತೆ ಗೇರು ನೋಡಿ, "ಇದುಲೇಯೇ ಮಿದಿಚ್ಚಾ ಮುಟ್ಟಿ ವಲಿಕ್ಕಾದಾ?" ಎಂದಳು. ಇದರಲ್ಲೇ ತುಳಿದರೆ ಮಂಡಿ ನೋಯದೆ ಇರುತ್ತದೆಯೇ?

ಎಣ್ಣೆ, ಮೆಂತ್ಯ, ಇಬ್ಬರು ಡಾಕ್ಟರು ಹೇಳದ ಮಾತು. ನಾನು ಅದೇ ಅಂಬತ್ತೂರಿನ ಕಾರ್ಖಾನೆಗಳಿಗೆ ಬೇರಿಂಗು, ಬೆಲ್ಟು ಮಾರಿ ಮನೆ ಕಟ್ಟಿದವನು. ಯಾವ ಯಂತ್ರಕ್ಕೆ ಎಷ್ಟು ಭಾರ ಹಾಕಬೇಕು ಎಂದು ಬೇರೆಯವರಿಗೆ ಹೇಳುವವನು. ನಾಚಿಕೆ ಬಂತು, ನಾಚಿಕೆಗಿಂತ ಮೊದಲು ಸಿಟ್ಟು ಬಂತು. ಫೋರ್‌ಮನ್ನರ ಕಡೆಗೆ ತಿರುಗಿದೆ.

"ಯಜಮಾನ್ರೇ, ಮೂವತ್ತು ವರ್ಷ ಗೇರುಗಳ ಮಧ್ಯೆ ಇದ್ದವರು ನೀವು. ಮೊದಲ ಮೂರು ತಿಂಗಳು ನನ್ನ ಹಿಂದೇನೇ ಬರ್ತಿದ್ರಿ. ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ಮೊದಲನೇ ತಿಂಗಳೇ ಹೇಳಿದ್ನಲ್ಲಪ್ಪ, ಗೇರು ಇಳಿಸು ಅಂತ. ನೀನೇನಂದೆ? 'ಮುಂದೆ ಹೋಗ್ತೀನಿ ಅಂತ ಹೊಟ್ಟೆಯುರೀನಾ ಸಾರ್' ಅಂದೆ. ಎಲ್ರೂ ನಕ್ರು. ನಾನೂ ಸುಮ್ನಾದೆ."

ನೆನಪಾಯಿತು. ಅಂದಿದ್ದೆ. ಗೆಲ್ಲುವವನನ್ನು ಹಿಂದಕ್ಕೆ ಎಳೆಯುವ ಮಾತು ಎಂದೇ ಅದನ್ನು ತೆಗೆದುಕೊಂಡಿದ್ದೆ. ವ್ಯಾಪಾರದಲ್ಲಿ ಎದುರಿನವನು ಕೊಡುವ ಸಲಹೆಯನ್ನು ಯಾರು ನಂಬುತ್ತಾರೆ?

ಆದರೂ ನನ್ನ ಸಿಟ್ಟು ಆಗಲೂ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. "ಒಂದ್ಸಲ ಹೇಳಿದ್ರೆ ಮುಗೀತಾ? ಕುಂಟ್ತಾ ಬಂದು ಕಾಫಿ ಕೊಡಿಸ್ತಿದ್ನಲ್ಲ, ಆಗ ಹೇಳ್ಬಾರ್ದಾಗಿತ್ತಾ?" ಎಂದು ಕೂಗಿದೆ.

ಬ್ಯಾಂಕಿನವರು ಮೆಲ್ಲಗೆ, "ಕಾಫಿ ಚೆನ್ನಾಗಿರ್ತಿತ್ತು ಕಣ್ರೀ," ಎಂದರು. ಆ ಹೆಂಗಸಿಗೆ ಕನ್ನಡ ಗೊತ್ತಿಲ್ಲ, ಆದರೂ ನಕ್ಕಳು. ನಾನು ನಗಲಿಲ್ಲ. ತಮ್ಮ ಮಾತನ್ನು ತಳ್ಳಿಹಾಕಿದವನು ಅನುಭವಿಸಲಿ ಎಂದು ತಿಂಗಳುಗಟ್ಟಲೆ ನೋಡುತ್ತ ಬಂದವರನ್ನು ಸಭ್ಯರು ಎನ್ನುವುದಾದರೆ, ಆ ಸಭ್ಯತೆ ನನಗೆ ಬೇಡ.

ಪೋರೂರಿಗೆ ಹೋಗಲಿಲ್ಲ. ಚೈನನ್ನು ನಡುವಿನ ಗೇರಿಗೆ ಹಾಕಿಸಿಕೊಂಡು ಅಲ್ಲಿಂದಲೇ ಹಿಂತಿರುಗಿದೆ. ಕಾಲು ಗಿರಗಿರನೆ ತಿರುಗಿತು, ಸೈಕಲ್ಲು ನಿಧಾನ, ಮಂಡಿ ಗೊಣಗಿತೇ ಹೊರತು ಕಿರುಚಲಿಲ್ಲ. ಸಾಯಂಕಾಲ ಎದುರುಮನೆಯವರು ಬಂದಾಗ ಕಾಫಿ ಕೊಟ್ಟು, ಸೈಕಲ್ಲು ಮಾರುವುದಿಲ್ಲ ಎಂದೆ. ಮನೆಯಾಕೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ, "ಎರಡು ತಿಂಗಳು. ಅಷ್ಟರಲ್ಲಿ ನೋವು ಹೋಗ್ಲಿಲ್ವೋ, ನಾನೇ ಬೀದಿಗಿಡ್ತೀನಿ" ಎಂದಳು. ಎರಡು ವಾರ ಸೈಕಲ್ಲು ಮುಟ್ಟಲಿಲ್ಲ. ಆಮೇಲೆ ಹಗುರ ಗೇರಿನಲ್ಲಿ ಬೀದಿ ಸುತ್ತಿದೆ. ಎರಡು ತಿಂಗಳಿಗೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು ನಿಂತಿತು. ಗುಂಪಿಗೆ ಮತ್ತೆ ಸೇರಿದೆ, ಒಂದು ಷರತ್ತಿನ ಮೇಲೆ: ಯಾರ ತುಳಿತ ತಪ್ಪಿದ್ದರೂ ಅವರು ತಿದ್ದಿಕೊಳ್ಳುವ ತನಕ ಹೇಳಬೇಕು.

ನೀವು ಗೇರ್ ಸೈಕಲ್ ಕೊಳ್ಳುವವರಾದರೆ ಬೆಲೆಯನ್ನು ಜಗ್ಗಿ, ಧಾರಾಳವಾಗಿ ಜಗ್ಗಿ. ಮಂಡಿಯ ಜೊತೆ ಚೌಕಾಶಿಗೆ ಇಳಿಯಬೇಡಿ. ಕಾಲು ಸರಾಗವಾಗಿ ತಿರುಗುವ ಗೇರೇ ನಿಮ್ಮ ಗೇರು. ಏರು ಬರುವ ಮೊದಲೇ ಹಗುರ ಗೇರಿಗೆ ಇಳಿಸಿ, ಏರಿನ ಮೇಲೆ ಒದ್ದಾಡಬೇಡಿ. ಆರು ತಿಂಗಳಿಗೊಮ್ಮೆ ಹಿಂದಿನ ಗೇರುಗಳನ್ನು ಬಟ್ಟೆಯಲ್ಲಿ ಒರೆಸಿ ಹಲ್ಲು ನೋಡಿ. ನೀವು ಹೇಗೆ ತುಳಿಯುತ್ತೀರಿ ಎಂಬುದು ಅಲ್ಲಿ ಕಾಣುತ್ತದೆ. ನೋವಿದೆ ಎಂದು ಡಾಕ್ಟರ ಬಳಿ ಹೋದರೆ ಅವರು ಕೇಳದಿದ್ದರೂ ತುಳಿಯುವ ರೀತಿಯನ್ನು ನೀವೇ ಹೇಳಿ. ಮುಂದೆ ಹೋಗುವವನ ತಪ್ಪು ನಿಮ್ಮ ಕಣ್ಣಿಗೆ ಬಿದ್ದರೆ, ಅವನು ನನ್ನಂಥವನೇ ಆಗಿದ್ದರೂ, ಬೈದರೂ, ಅಣಕಿಸಿದರೂ, ಮುಂದಿನ ಭಾನುವಾರ ಇನ್ನೊಂದು ಸಲ ಹೇಳಿ.