ದಿಂಡಿಗದ ಕೆಳಗಿನ ಹುಲ್ಲು

ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಹಸು ಕಟ್ಟಿದವರಿಗೆಲ್ಲ ಚೌಡಮ್ಮನ ಹೊರೆಯೇ ಆಗಬೇಕು. ಮದುವೆಯಾಗಿ ಬಂದ ವರ್ಷವೇ ಕುಡುಗೋಲು ಹಿಡಿದವಳು, ಇಪ್ಪತ್ತು ವರ್ಷದಿಂದ ಊರಾಚೆಯ ಕಾಡಿನ ಹುಲ್ಲನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ನೀಲಗಿರಿ ತೋಪಿನಲ್ಲಿ ಕುಡುಗೋಲಿಗೆ ಕೆಲಸವೇ ಇಲ್ಲ. ತೇಗದ ಕೆಳಗೆ ಅಗಲ ಎಲೆ ಬಿದ್ದು ಹುಲ್ಲಿಗೆ ಉಸಿರು ಕಟ್ಟುತ್ತದೆ. ದಿಂಡಿಗದ ಮರಗಳು ದೂರದೂರ ನಿಂತು ಬಿಸಿಲು ಬಿಡುವ ಕಡೆ ಮಾತ್ರ ಕರಡದ ಹುಲ್ಲು, ಹಂಚಿ ಹುಲ್ಲು, ನಡುನಡುವೆ ವಿಷ್ಣುಕ್ರಾಂತಿಯ ನೀಲಿ ಹೂ. ಇದನ್ನೆಲ್ಲ ಬಲ್ಲವಳು ತಾನೊಬ್ಬಳೇ ಎಂಬ ಜಂಬ ಅವಳಿಗಿತ್ತು. ಇರಲಿ ಬಿಡಿ, ಬೇರೆ ಆಸ್ತಿ ಏನಿತ್ತು ಪಾಪ!

ತೊಂಬತ್ತೊಂಬತ್ತರ ಮೊದಲ ಮಳೆಗೆ ಶಿವಮೊಗ್ಗದ ರವೀಂದ್ರನಗರದಿಂದ ಕವನ ಎಂಬ ಹುಡುಗಿ ಬಂದಳು. ಯಾವ ಮರದ ಕೆಳಗೆ ಎಷ್ಟು ಬಗೆಯ ಹುಲ್ಲು, ಹೂ ಬೆಳೆಯುತ್ತವೆ ಎಂಬುದು ಅವಳ ಸಂಶೋಧನೆ. ನಾಲ್ಕು ಗೂಟ ಹೊಡೆದು, ಐದೈದು ಹೆಜ್ಜೆಯ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿದ್ದದ್ದನ್ನು ವಾರವಾರ ಎಣಿಸಿ ಬರೆಯುತ್ತಿದ್ದಳು. ಹೆಸರು ಹೇಳಲು ಜೊತೆಗೆ ಕರೆದುಕೊಂಡದ್ದು ಯಾರನ್ನು? ಪಕ್ಕದ ಮನೆಯ ದ್ಯಾಮಮ್ಮನನ್ನು! ಚೌಡಮ್ಮನ ಹಿಂದೆ ಹಿಂದೆ ಬಂದು ಹುಲ್ಲು ಕೊಯ್ಯಲು ಕಲಿತ ದ್ಯಾಮಮ್ಮನನ್ನು!

ಚೌಡಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಅವರಿಬ್ಬರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುವುದನ್ನು ಕಂಡ ದಿನ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಮೂರು ತಿಂಗಳು ಹೀಗೇ ಬೆಂದಳು. ಒಂದು ಸಂಜೆ ನಲ್ಲಿಯ ಹತ್ತಿರ ದ್ಯಾಮಮ್ಮ, "ನನ್ನ ಕೇಳ್ದೆ ಮೇಡಂ ಒಂದು ಕಡ್ಡಿ ಹೆಸ್ರೂ ಬರಿಯಲ್ಲ ಕಣೇ" ಅಂದಳು. ಮರುದಿನ ಬೆಳಗಾಗುತ್ತಲೇ ಚೌಡಮ್ಮ ದಿಂಡಿಗದ ಕಾಡಿಗೆ ಹೋಗಿ, ಹಗ್ಗ ದಾಟಿ, ಒಂದು ಚೌಕವನ್ನು ಬುಡಮಟ್ಟ ಕೊಯ್ದು ಹೊರೆ ಕಟ್ಟಿದಳು.

ಮಧ್ಯಾಹ್ನ ಕ್ವಾರ್ಟರ್ಸ್‌ನಲ್ಲಿ ಹೊರೆ ಇಳಿಸುವಾಗ ಕವನ ಅಳುಮೋರೆ ಹಾಕಿಕೊಂಡು ಬಂದಳು, ಜೊತೆಗೆ ದ್ಯಾಮಮ್ಮ.

"ಯಾರೋ ನಮ್ಮ ಚೌಕ ಕೊಯ್ದುಬಿಟ್ಟಿದ್ದಾರೆ. ಈ ಹುಲ್ಲು ಎಲ್ಲಿದು?"

ದ್ಯಾಮಮ್ಮ ಹೊರೆಯೊಳಗೆ ಕೈ ಹಾಕಿ ಒಂದು ಹಿಡಿ ಎಳೆದು ನೋಡಿದಳು. ತಮ್ಮ ಚೌಕದ್ದೇ ಎಂದು ಅವಳಿಗೆ ಗೊತ್ತಾಯಿತು. ಆದರೂ, "ನೀಲಗಿರಿ ತೋಪಿಂದು ಮೇಡಂ" ಅಂದಳು.

"ನೀಲಗಿರಿ ಕೆಳಗೆ ಇಷ್ಟು ಬಗೆನಾ!" ಎಂದು ಕವನ ಆಶ್ಚರ್ಯದಿಂದ ಪುಸ್ತಕ ತೆಗೆದಳು.

ಚೌಡಮ್ಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಬಚಾವ್. ಆದರೆ ದ್ಯಾಮಮ್ಮ ಹೇಳಿದ ಸುಳ್ಳನ್ನೂ ಆ ಹುಡುಗಿ ನಿಜವೆಂದು ಬರೆದುಕೊಳ್ಳುವುದನ್ನು ಹೇಗೆ ಸಹಿಸುವುದು?

"ಏನ್ ಮಾರಾಯ್ತಿ, ನೀಲಗಿರಿ ಬುಡದಲ್ಲಿ ವಿಷ್ಣುಕ್ರಾಂತಿ ಬರುತ್ತಾ? ಇದು ದಿಂಡಿಗದ ಕೆಳಗಿಂದು! ನಾನೇ ಕೊಯ್ದಿದ್ದು!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕವನ ಬಯ್ಯಲಿಲ್ಲ. ಹೊರೆ ಬಿಚ್ಚಿ ಒಂದೊಂದೇ ಎಳೆ ಎತ್ತಿ ಹಿಡಿದಳು, ಚೌಡಮ್ಮ ತಲೆ ತಗ್ಗಿಸಿಕೊಂಡೇ ಇಪ್ಪತ್ತೇಳು ಹೆಸರು ಹೇಳಿದಳು. ಅದರಲ್ಲಿ ಒಂಬತ್ತು ಹೆಸರು ದ್ಯಾಮಮ್ಮನಿಗೆ ಗೊತ್ತಿಲ್ಲದೆ ಆ ಪುಸ್ತಕ ಸೇರಿರಲೇ ಇಲ್ಲ.

"ಇಷ್ಟು ಗೊತ್ತಿದ್ದೂ ನನ್ನ ಹತ್ರ ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ಲ."

"ಮೊದಲ ದಿನಾನೇ ಕೇಳಿದ್ದೆ, ಹುಲ್ಲಿನ ಹೆಸ್ರು ಬೇರೆ ಯಾರಿಗಾದ್ರೂ ಗೊತ್ತಾ ಅಂತ." ಕವನ ದ್ಯಾಮಮ್ಮನ ಕಡೆ ತಿರುಗಿದಳು.

ದ್ಯಾಮಮ್ಮ ಸೆರಗಿನ ತುದಿ ತಿರುವುತ್ತ ನಿಂತಳು. "ಯಾರೂ ಇಲ್ಲ ಅಂದಿದ್ದೆ. ಇವಳು ಬಂದ್ರೆ ನನ್ನ ಯಾರು ಕೇಳ್ತಾರೆ ಮೇಡಂ?"

ಚೌಡಮ್ಮ ಬಯ್ಯಲೆಂದು ಬಾಯಿ ತೆರೆದಿದ್ದಳು. ಮೂರು ತಿಂಗಳ ಉರಿಯ ಮೇಲೆ ಯಾರೋ ಒಂದು ಕೊಡ ನೀರು ಸುರಿದಂತಾಯಿತು.

"ಇನ್ನೊಂದ್ಸಲ ಹೇಳೇ," ಅಂದಳು. "ನಾನು ಬಂದ್ರೆ ಏನು ಅಂದೆ?"